ಗಾಜಿನ ಛಾವಣಿಯ ಕೆಳಗೆ

ಬಾಗಿಲು ತೆರೆದವನು ಕೀರನ್ ಡಾಡ್ಸ್ ಎಂದು ಗುರುತಿಸಲು ಬ್ರಯೊನಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಕಿವಿಯ ಬಳಿ ಕೂದಲು ನರೆತಿತ್ತು, ಭುಜ ಅಗಲವಾಗಿತ್ತು. ಆದರೆ ಯಾರಾದರೂ ದಿಟ್ಟಿಸಿ ನೋಡಿದರೆ ಎಡಗೈಯಿಂದ ಕತ್ತು ಉಜ್ಜಿಕೊಳ್ಳುವ ಅಭ್ಯಾಸ ಮಾತ್ರ ಹದಿನಾರರ ಹರೆಯದ್ದೇ.

"ಬನ್ನಿ ಕೌನ್ಸಿಲರ್," ಎಂದ. "ನೀವು ಬರಲ್ಲ ಅಂದ್ಕೊಂಡಿದ್ದೆ."

"ನೀವಿರ್ತೀರಿ ಅಂತ ಗೊತ್ತಿದ್ರೆ ಬರ್ತಿರ್ಲಿಲ್ಲ."

ಅದು ಕಾರ್ವಿಕ್ ಪಟ್ಟಣದ ಹಳೆಯ ಸಾರ್ವಜನಿಕ ಈಜುಕೊಳ. ನೀರು ಬತ್ತಿ ಇಪ್ಪತ್ತೆರಡು ವರ್ಷವಾಗಿತ್ತು. ಮುಂಭಾಗದ ಕೋಣೆಗಳಲ್ಲಿ ಈಗ ಕೌನ್ಸಿಲ್ಲಿನ ಬಾಲನ್ಯಾಯ ಕೇಂದ್ರವಿತ್ತು. ತಪ್ಪು ಮಾಡಿ ಕೋರ್ಟಿನ ಮೆಟ್ಟಿಲು ಹತ್ತಿದ ಹದಿಹರೆಯದವರು ವಾರವಾರವೂ ಇಲ್ಲಿಗೆ ಬರಬೇಕು. ಬರದಿದ್ದರೆ ಮತ್ತೆ ಕೋರ್ಟು. ಕಟ್ಟಡ ಕೆಡವಿ ಜಾಗ ಮಾರುವುದು, ಕೇಂದ್ರವನ್ನು ಎರಡು ಬಸ್ಸು ಬದಲಿಸಬೇಕಾದಷ್ಟು ದೂರದ ಊರಿಗೆ ಸಾಗಿಸುವುದು ಎಂಬ ಪ್ರಸ್ತಾವ ಸಮಿತಿಯ ಮುಂದಿತ್ತು. ಮತ ಹಾಕುವ ಮುನ್ನ ಸದಸ್ಯರೆಲ್ಲ ಹೋಗಿ ನೋಡಿ ಬನ್ನಿ ಎಂದು ಅಧ್ಯಕ್ಷರು ಹೇಳಿದ್ದಕ್ಕೆ ಬ್ರಯೊನಿ ಬಂದಿದ್ದಳು. ನೋಡುವ ಮೊದಲೇ ಅವಳ ತೀರ್ಮಾನ ಆಗಿಹೋಗಿತ್ತು. ಇದು ನೆಲಸಮವಾಗಬೇಕು.

ಅವಳ ತಮ್ಮ ಕಾರ್ಲ್ ಸತ್ತದ್ದು ಇಲ್ಲಿಯೇ. ಕೊಳಕ್ಕೆ ರಜೆಯಿದ್ದ ಒಂದು ಭಾನುವಾರ ಬೆಳಿಗ್ಗೆ, ಕದ್ದು ಈಜಲೆಂದು ಅವನು ಮತ್ತು ಅವನ ಜೀವದ ಗೆಳೆಯ ಕೀರನ್ ಗಾಜಿನ ಛಾವಣಿ ಹತ್ತಿದ್ದರು. ಗಾಜು ಒಡೆದು ಕಾರ್ಲ್ ಕೆಳಗೆ ಬಿದ್ದ. ತೊಳೆಯಲೆಂದು ಕೊಳದ ನೀರು ಖಾಲಿ ಮಾಡಿದ್ದು ಇಬ್ಬರಿಗೂ ಗೊತ್ತಿರಲಿಲ್ಲ. ಗೆಳೆಯನನ್ನು ಬಿಟ್ಟು ಕೀರನ್ ಓಡಿಹೋದ ಎಂದು ಊರು ಆಡಿಕೊಂಡಿತು. ಅದಕ್ಕೂ ಮುನ್ನ, ಅದೇ ಬೇಸಿಗೆಯಲ್ಲಿ, ಅವನೂ ಬ್ರಯೊನಿಯೂ ಬಂದರಿನ ಗೋಡೆಯ ಮೇಲೆ ಕೂತು ಒಂದೇ ಪೊಟ್ಟಣದಿಂದ ಚಿಪ್ಸ್ ತಿನ್ನುತ್ತಿದ್ದದ್ದು, ಬೆರಳು ತಾಗಿದಾಗ ಇಬ್ಬರೂ ಸಮುದ್ರದ ಕಡೆ ನೋಡುತ್ತಿದ್ದದ್ದು ಊರಿಗೆ ಗೊತ್ತಿರಲಿಲ್ಲ.

ಕದ್ದು ಒಳನುಗ್ಗಿದ್ದಕ್ಕೆ ಕೋರ್ಟು ಕೀರನ್‌ನನ್ನು ಆಗ ಬೇರೆಡೆಯಿದ್ದ ಇದೇ ಕೇಂದ್ರಕ್ಕೆ ಒಪ್ಪಿಸಿತ್ತು. ಆ ಚಳಿಗಾಲದಲ್ಲಿ ಅಲ್ಲಿನ ಅಧಿಕಾರಿಯೊಬ್ಬಳು ಅವರ ಮನೆಗೆ ಬಂದಿದ್ದಳು. ಕೀರನ್ ನಿಮ್ಮೆದುರು ಕೂತು ಮಾತಾಡಬೇಕಂತೆ, ನೀವು ಒಪ್ಪಿದರೆ ಎಂದಳು. ಅಮ್ಮ ಮಾರೀನ್ ಬಾಗಿಲು ಹಾಕಿದಳು. ಬ್ರಯೊನಿ ಮೆಟ್ಟಿಲ ಮೇಲೆ ನಿಂತಿದ್ದಳು. ನಾನು ಬರುತ್ತೇನೆ ಎಂಬ ಮಾತು ಬಾಯಿಗೆ ಬಂದು ಹಿಂದಕ್ಕೆ ಹೋಯಿತು. ಆಮೇಲೆ ಮದುವೆಯಾಯಿತು, ಅದು ಮುರಿಯಿತು, ಚುನಾವಣೆ ಗೆದ್ದಳು. ಕ್ಲೋರಿನ್ ವಾಸನೆ ಮಾತ್ರ ಅವಳ ಬೆನ್ನು ಬಿಡಲಿಲ್ಲ. ತಲೆಗೆ ಸ್ನಾನ ಮಾಡಿ ಬಂದರೂ ಕೂದಲಲ್ಲಿ ಅದೇ.

ಈಗ ಕೇಂದ್ರವನ್ನು ನಡೆಸುತ್ತಿದ್ದ ಕೀರನ್ ಅವಳಿಗೆ ಕೋಣೆಗಳನ್ನು ತೋರಿಸಿದ. ಒಂದರಲ್ಲಿ ಬೋಳುತಲೆಯ ಹುಡುಗಿಯೊಬ್ಬಳು ಒಬ್ಬ ಮುದುಕಿಯ ಎದುರು ತಲೆತಗ್ಗಿಸಿ ಕೂತಿದ್ದಳು. ಹುಡುಗಿ ಮುದುಕಿಯ ಕಿಟಕಿಗೆ ಕಲ್ಲು ಹೊಡೆದಿದ್ದಳಂತೆ. ಮುದುಕಿ ತನ್ನ ತಟ್ಟೆಯ ಬಿಸ್ಕತ್ತನ್ನು ಅವಳ ಕಡೆ ಸರಿಸುತ್ತಿದ್ದಳು. ಬ್ರಯೊನಿ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾರದೆ ಹೋದಳು.

ಕೊನೆಯ ಬಾಗಿಲಾಚೆ ಬತ್ತಿದ ಕೊಳ. ಮೇಲೆ ಮೋಡ ಕವಿದ ಗಾಜು, ಕೆಳಗೆ ಬಿರುಕು ಬಿಟ್ಟ ಬಿಳಿ ಟೈಲ್ಸ್. ಇಬ್ಬರೂ ಅಂಚಿನಲ್ಲಿ ನಿಂತರು. ಆಗ ಎದುರು ದಡದಲ್ಲಿ ಅವಳಿಗೆ ಸ್ಪಷ್ಟವಾಗಿ ಕೇಳಿಸಿತು: ಒದ್ದೆ ಪಾದಗಳ ಸಪ್ಪಳ, ಯಾರೋ ಬೇಗಬೇಗ ನಡೆದು ಹೋದಂತೆ. ಅವಳು ಥಟ್ಟನೆ ಆ ಕಡೆ ತಿರುಗಿದಳು.

ಕೀರನ್ ಅವಳ ಮುಖ ನೋಡಿದ. "ನಿಂಗೂ ಕೇಳ್ಸುತ್ತಾ?"

ಕೌನ್ಸಿಲರ್ ಎಂಬ ಮರ್ಯಾದೆ ಅಲ್ಲಿಗೆ ಬಿದ್ದುಹೋಯಿತು.

"ದಿನಾ ಕೇಳ್ಸುತ್ತಾ ನಿಂಗೆ? ಆದ್ರೂ ಇಲ್ಲೇ ಕೆಲಸ ಮಾಡ್ತೀಯಾ?"

"ಎಲ್ಲಿಗೆ ಹೋದ್ರೂ ಮನಸ್ಸು ಇಲ್ಲೇ ಇರ್ತಿತ್ತು. ಸಂಬಳ ತಗೊಂಡಾದ್ರೂ ಇರೋಣ ಅನ್ನಿಸ್ತು."

ಅವಳಿಗೆ ನಗು ಬಂತು. ಆ ಜಾಗದಲ್ಲಿ ನಗು ಬಂದದ್ದಕ್ಕೆ ಭಯವೂ ಆಯಿತು. ಅವನು ತಾನಾಗಿಯೇ ಹೇಳಿದ. ಓಡಿದ್ದು ನಿಜ, ಕಾವಲುಗಾರನ ಮನೆಗೆ, ಆಂಬುಲೆನ್ಸಿಗೆ ಫೋನ್ ಮಾಡಿಸಲು. ಮರಳಿ ಬಂದು ಕೊಳಕ್ಕಿಳಿದು ಕಾರ್ಲ್‌ನ ಕೈ ಹಿಡಿದು ಕೂತಿದ್ದೂ ನಿಜ. "ಓಡಿದ್ದನ್ನ ಎಲ್ರೂ ಕೇಳಿದ್ರು. ವಾಪಸ್ ಬಂದಿದ್ದನ್ನ ಯಾರೂ ಕೇಳ್ಲಿಲ್ಲ," ಎಂದ. ಕಾರ್ಲ್ ಮಾತಾಡಿದನೇ ಎಂದು ಕೇಳುವ ಧೈರ್ಯ ಅವಳಿಗೆ ಬರಲಿಲ್ಲ.

ಆಮೇಲೆ ಅವಳು ಮತ್ತೆ ಬಂದಳು. ಒಮ್ಮೆ ಛಾವಣಿಯ ಭದ್ರತೆ ವಿಚಾರಿಸುವ ನೆಪ, ಒಮ್ಮೆ ಬಿಸಿನೀರಿನ ಪೈಪಿನ ನೆಪ. ಮೂರನೆಯ ಸಲ ನೆಪ ಸಿಗಲಿಲ್ಲ.

"ಇವತ್ತೇನು ಪರಿಶೀಲನೆ?" ಎಂದು ಕೀರನ್ ಹುಬ್ಬೇರಿಸಿದ.

"ಟೀ. ಕೌನ್ಸಿಲ್ ದುಡ್ಡಲ್ಲಿ ಎಷ್ಟು ಸಕ್ಕರೆ ಹಾಕ್ತೀಯ ಅಂತ ನೋಡ್ಬೇಕು."

"ಎರಡು ಚಮಚ. ನಿಂದು ಮೂರು. ಮರ್ತಿಲ್ಲ."

ಕಪ್ಪು ಕೊಡುವಾಗ ಬೆರಳು ತಾಗಿತು. ಈ ಸಲ ನೋಡಲು ಸಮುದ್ರ ಇರಲಿಲ್ಲ; ಒಬ್ಬರನ್ನೊಬ್ಬರು ನೋಡಿದರು. ಅವನ ಕಣ್ಣ ರೆಪ್ಪೆಯ ಮೇಲೆ ಸಣ್ಣ ಗಾಯದ ಗುರುತಿತ್ತು. ಗಾಜಿನದ್ದಿರಬೇಕು. ಅವಳು ಅದನ್ನು ಹೆಬ್ಬೆರಳಿನಿಂದ ಮುಟ್ಟಿದಳು. ಆಚೆ ಕೊಳದ ದಡದಲ್ಲಿ ಸಪ್ಪಳ ಬಂತು, ನಿಂತಿತು. ಕೀರನ್ ಅವಳ ಅಂಗೈಗೆ ಮುತ್ತಿಟ್ಟ.

ಸಭೆಯ ಹಿಂದಿನ ಸಂಜೆಯ ಹೊತ್ತಿಗೆ ಲೆಕ್ಕ ಎಲ್ಲರಿಗೂ ತಿಳಿದಿತ್ತು. ಉಳಿದ ಸದಸ್ಯರು ಸರಿಯಾಗಿ ಎರಡು ಪಾಲಾಗಿದ್ದರು. ಕಟ್ಟಡ ಬೀಳಲಿ ಎಂಬ ಮನಸ್ಸು ಬ್ರಯೊನಿಗೆ ಈಗ ಉಳಿದಿರಲಿಲ್ಲ. ಬ್ರಯೊನಿಯ ಮತ ಕೇಂದ್ರಕ್ಕೆ ಬಿದ್ದರೆ ಉಳಿಯುತ್ತದೆ. ಅವಳು ಹೊರಗುಳಿದರೆ ಸಮಬಲ, ಆಗ ಅಧ್ಯಕ್ಷರ ಮತವೇ ಕೊನೆಯದು, ಅವರು ಮಾರುವವರ ಕಡೆ. ಆದರೆ ತಮಗೆ ಹತ್ತಿರದವರ ವಿಷಯ ಸಭೆಗೆ ಬಂದರೆ ಸದಸ್ಯರು ಅದನ್ನು ಹೇಳಿ ಎದ್ದು ಹೋಗಬೇಕೆಂಬ ನಿಯಮವಿತ್ತು.

"ನಮ್ಮಿಬ್ಬರ ವಿಷ್ಯ ಯಾರಿಗೂ ಗೊತ್ತಿಲ್ಲ," ಎಂದ ಕೀರನ್. "ಮತ ಹಾಕು. ಆಮೇಲೆ ಹೇಳೋಣ."

"ಈ ಮಕ್ಕಳಿಗೆ ದಿನವಿಡೀ ನೀನು ಏನು ಹೇಳ್ಕೊಡ್ತೀಯ?"

ಅವನು ಕೈಯಲ್ಲಿದ್ದ ಕಪ್ಪನ್ನು ಮೇಜಿನ ಮೇಲಿಟ್ಟ.

"ಒಂದ್ಸಲ ಮೆಟ್ಟಿಲ ಮೇಲೆ ನಿಂತು ನಿನ್ನ ಮುಚ್ಚಿಟ್ಟಿದ್ದೀನಿ ಕಣೋ. ಇನ್ನೊಂದ್ಸಲ ನನ್ ಕೈಲಾಗಲ್ಲ."

ಮರುದಿನ ಪುರಭವನದ ಸಭೆಯಲ್ಲಿ ಸಾರ್ವಜನಿಕರ ಸಾಲಿನಲ್ಲಿ ಕೀರನ್ ಇದ್ದ. ಹಿಂದಿನ ಸಾಲಿನಲ್ಲಿ, ಕಟ್ಟಡ ಬೀಳುವುದನ್ನು ಕೇಳಲೆಂದೇ ಬಂದ ಮಾರೀನ್ ಕೂಡ ಇದ್ದಳು. ಯಾರಿಗಾದರೂ ಸ್ವಂತ ಸಂಬಂಧವಿದೆಯೇ ಎಂದು ಅಧ್ಯಕ್ಷರು ವಾಡಿಕೆಯಂತೆ ಕೇಳಿದರು. ಬ್ರಯೊನಿ ಎದ್ದಳು.

"ನನಗಿದೆ. ಆ ಕೇಂದ್ರ ನಡೆಸೋ ಕೀರನ್ ಡಾಡ್ಸ್‌ನ ನಾನು ಪ್ರೀತಿಸ್ತೀನಿ. ಹದಿನೇಳು ವರ್ಷದವಳಿದ್ದಾಗ್ಲಿಂದ."

ಅವಳು ಅಮ್ಮನ ಕಡೆ ನೋಡದೆ ಹೊರಗೆ ನಡೆದಳು.

ಕಾರಿಡಾರಿನ ಬೆಂಚಿನಲ್ಲಿ ಕೂತಾಗ ಬಾಗಿಲಾಚೆಯ ಮಾತು ನೀರಿನೊಳಗಿಂದ ಬಂದಂತೆ ಮಂದವಾಗಿ ಕೇಳುತ್ತಿತ್ತು. ಬಹಳ ಹೊತ್ತಿನ ಮೇಲೆ ಕೀರನ್ ಬಂದ. ಕೇಂದ್ರ ಹೋಯಿತು, ಅಧ್ಯಕ್ಷರ ಮತದಿಂದ ಎಂದ. ಹುಡುಗರನ್ನು ಬಸ್ಸಿಗೆ ಕಾಯಿಸದೆ ತಾನೇ ಅವರವರ ಮನೆಗೆ ಹೋಗಿ ಭೇಟಿಯಾಗುತ್ತೇನೆ, ಯಾರು ಬೇಡವೆನ್ನುತ್ತಾರೋ ನೋಡೋಣ ಎಂದ. ಪಕ್ಕದಲ್ಲಿ ಕೂತು ಅವಳ ಕೈ ತೆಗೆದುಕೊಂಡ. ಅವನ ಅಂಗೈ ತಣ್ಣಗಿತ್ತು.

ಆಗ ಬಾಗಿಲು ತೆರೆದು ಮಾರೀನ್ ಬಂದಳು. ಕೋಟಿನ ಗುಂಡಿ ಹಾಕಿಕೊಂಡಳು, ಬಿಚ್ಚಿದಳು, ಮತ್ತೆ ಹಾಕಿಕೊಂಡಳು. ಕೀರನ್ ಎದ್ದು ನಿಂತ.

"ನೀನು ಕಾರ್ಲ್ ಹತ್ರಾನೇ ಇದ್ದೆಯಂತೆ, ಕೊನೇಲಿ. ಅವತ್ತಿನ ಕಾವಲುಗಾರ ಒಳಗೆ ಹೇಳ್ತಿದ್ದ."

"ಹೌದು, ಮಿಸೆಸ್ ಹೆಸ್ಲಪ್."

"ಏನಂದ?"

ಕೀರನ್ ಕತ್ತು ಉಜ್ಜಿಕೊಂಡ. ಬ್ರಯೊನಿ ಅವನ ತೋಳು ಹಿಡಿದಳು. ಅವಳೂ ಕೇಳಿರಲಿಲ್ಲ.

"'ಅಮ್ಮಂಗೆ ಹೇಳ್ಬೇಡ ಕಣೋ, ಬೈತಾಳೆ' ಅಂದ. ಅದಕ್ಕೇ ಇಷ್ಟು ದಿನ ಹೇಳ್ಲಿಲ್ಲ ಅಂತಲ್ಲ. ನೀವು ಬಾಗಿಲು ಹಾಕಿದ್ರಿ. ಆಮೇಲೆ ನಂಗೂ ಹೇಳೋಕೆ ಆಗ್ಲಿಲ್ಲ."

ಮಾರೀನ್‌ಳ ತುಟಿ ಅಲುಗಿತು. ಅಳುತ್ತಾಳೆ ಎಂದುಕೊಂಡಳು ಬ್ರಯೊನಿ. ಆದರೆ ಬಂದದ್ದು ನಗುವಿನಂಥ ಒಂದು ಉಸಿರು.

"ಬೈತಿದ್ದೆ," ಎಂದಳು ಮಾರೀನ್. "ಇಬ್ಬರಿಗೂ ಸರಿಯಾಗಿ ಬೈತಿದ್ದೆ."

ಅವಳು ತನ್ನ ಭಾರದ ಚೀಲವನ್ನು ಕೀರನ್‌ಗೆ ಕೊಟ್ಟು, ಕಂಬಿ ಹಿಡಿದು ಪುರಭವನದ ಮೆಟ್ಟಿಲು ಇಳಿಯತೊಡಗಿದಳು. ಅವರಿಬ್ಬರೂ ಅವಳ ಹಿಂದೆ ನಿಧಾನವಾಗಿ, ಅವಳ ಹೆಜ್ಜೆಗೆ ಹೆಜ್ಜೆ ಹಾಕುತ್ತಾ ಇಳಿದರು.