ಅಂಚಿನ ಬೆರಳು

ಅವಳು ರೆಕಾರ್ಡಿನ ಮೇಲಿಂದ ಬೆರಳು ತೆಗೆದಳು, ಆದರೆ ತಡವಾಗಿ. ಎರಡು ಹಾಡುಗಳ ಡ್ರಮ್ಮುಗಳು ಒಂದರ ಕಾಲನ್ನೊಂದು ತುಳಿಯುತ್ತ ಕೋಣೆಯ ತುಂಬ ಮುಗ್ಗರಿಸಿದವು.

"ಎತ್ತು ಏರಿಗೆ, ಕೋಣ ನೀರಿಗೆ," ಎಂದ ಅವನು, ನಗದೆ.

"ಯಾವುದು ಕೋಣ, ಮೇಷ್ಟ್ರೇ?"

"ಬಲಗಡೆ ರೆಕಾರ್ಡು. ನಿಮ್ಮದು."

ಸ್ಪೀಕರ್ ಬಾಡಿಗೆಗೆ ಕೊಡುವ ಅವನ ಅಂಗಡಿಯ ಮಹಡಿ ಅದು. ಅವನ ಮಾತು ಕಡಿಮೆ. ಅದಕ್ಕೇ ಬೀದಿಯವರು ಅವನಿಗೆ ಸೌಂಡಪ್ಪ ಎಂದು ಹೆಸರಿಟ್ಟಿದ್ದರು. ಅವಳು ಡ್ರೈವಿಂಗ್ ಸ್ಕೂಲಿನ ಟೀಚರು. ಹಗಲೆಲ್ಲ ಕಲಿಸಿ, ಸಂಜೆ ಇಲ್ಲಿಗೆ ಡಿಜೆ ಕೆಲಸ ಕಲಿಯಲು ಬರುತ್ತಿದ್ದಳು. ಸ್ಕೇಟಿಂಗ್ ರಿಂಕಿನ ಮಾಲೀಕಿ ಒಂದು ಭಾನುವಾರ ಮಧ್ಯಾಹ್ನ ನುಡಿಸಿ ತೋರಿಸು ಎಂದಿದ್ದಳು. ಒಪ್ಪಿಗೆಯಾದರೆ ಭಾನುವಾರಗಳೆಲ್ಲ ಅವಳವೇ. ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ಅತ್ತಿಗೆ ಕೇಳಿದ್ದಳು. ಸಿಗ್ನಲ್ಲಿನಲ್ಲಿ ಕಾರು ನಿಂತರೂ ಅವಳ ಬೆರಳುಗಳು ಮೊಣಕಾಲಿನ ಮೇಲೆ ನಿಲ್ಲುತ್ತಿರಲಿಲ್ಲ, ಅಷ್ಟೇ.

ಎದುರಿಗೆ ರೆಕಾರ್ಡು ತಿರುಗಿಸುವ ಎರಡು ಟರ್ನ್‌ಟೇಬಲ್ಲು. ಒಂದು ಕಿವಿಗೆ ಹೆಡ್‌ಫೋನು, ಇನ್ನೊಂದು ಕಿವಿ ಕೋಣೆಗೆ. ಕೋಣೆಯಲ್ಲಿ ಓಡುತ್ತಿರುವ ಹಾಡಿಗೆ, ಹೆಡ್‌ಫೋನಿನಲ್ಲಿ ಗುಟ್ಟಾಗಿ ಕೇಳುವ ಹಾಡನ್ನು ಹೊಂದಿಸಿ ಬಿಡಬೇಕು. ತೊಂದರೆಯೆಂದರೆ, ತೆರೆದ ಕಿವಿಯ ಪಕ್ಕದಲ್ಲೇ ಅವನು ನಿಲ್ಲುತ್ತಿದ್ದ. ಅವನ ಉಸಿರಿಗೂ ಒಂದು ತಾಳವಿತ್ತು. ಅದು ಅವಳ ಲೆಕ್ಕ ತಪ್ಪಿಸುತ್ತಿತ್ತು.

ಆದರೂ ಕೆಲವೇ ವಾರಗಳಲ್ಲಿ ಹಾಡುಗಳು ಸೇರತೊಡಗಿದವು. ಗೆದ್ದ ಖುಷಿಯಲ್ಲಿ ಅವಳು ತಿರುಗಿದಾಗಲೆಲ್ಲ ಅವನು ಏನೂ ಅರಿಯದವನಂತೆ ಕಿಟಕಿ ನೋಡುತ್ತಿದ್ದ. ಆ ಮುಖ ಅವಳಿಗೆ ಎಲ್ಲೋ ಕಂಡ ಮುಖ. ಅವಳ ಕಾರಿನಲ್ಲಿ ಟೀಚರ ಕಾಲಿಗೂ ಒಂದು ಬ್ರೇಕು ಇತ್ತು. ಹೆದರುಪುಕ್ಕಲರಿಗೆ ತಿಳಿಯದಂತೆ ಅದನ್ನು ಒತ್ತಿ, ನೀವೇ ನಿಲ್ಲಿಸಿದಿರಿ ಎಂದು ಹೊಗಳುವಾಗ ಅವಳೂ ಹೀಗೇ ಕಿಟಕಿ ನೋಡುತ್ತಿದ್ದಳು.

ಮುಂದಿನ ಸಲ ಅವಳು ಅವನ ಮುಖ ನೋಡಲಿಲ್ಲ, ಕೈ ನೋಡಿದಳು. ಅವನ ಕಿರುಬೆರಳು ಟರ್ನ್‌ಟೇಬಲ್ಲಿನ ಅಂಚನ್ನು ಮೆಲ್ಲಗೆ ಸವರಿ, ಹಿಂದೆ ಬಿದ್ದ ಹಾಡನ್ನು ಮುಂದಕ್ಕೆ ತಳ್ಳುತ್ತಿತ್ತು.

"ಯಾವಾಗಿಂದ?"

ಅವನು ಕೈಯನ್ನು ಜೇಬಿಗೆ ಹಾಕಿಕೊಂಡ. "ಅವತ್ತು ಕೋಣ ಅಂದೆನಲ್ಲ, ನಿಮ್ಮ ಮುಖ ಸಣ್ಣ ಆಯ್ತು. ಆಮೇಲೆ ನೋಡೋಕಾಗ್ಲಿಲ್ಲ."

ಇಷ್ಟು ಹತ್ತಿರದ ಮಾತನ್ನು ಅವಳಿಗೆ ಯಾರೂ ಆಡಿರಲಿಲ್ಲ. ಇಷ್ಟು ಸಿಟ್ಟೂ ಬಂದಿರಲಿಲ್ಲ. ಚಪ್ಪಲಿಯನ್ನು ಅರ್ಧ ಮೆಟ್ಟಿಕೊಂಡೇ ಮೆಟ್ಟಿಲಿಳಿದಳು.

ಭಾನುವಾರ ರಿಂಕಿಗೆ ಸ್ಪೀಕರು ತಂದವನೂ ಅವನೇ. ವೈರು ಜೋಡಿಸುತ್ತ, ತಲೆಯೆತ್ತದೆ, ಇವತ್ತಿಗೆ ಮಾತ್ರ ಅಲ್ಲ, ಯಾವತ್ತೂ ಪಕ್ಕದಲ್ಲಿರಲು ತನಗೆ ಆಸೆ ಎಂದ. ಒಂದು ಟರ್ನ್‌ಟೇಬಲ್ ಅವಳದು, ಒಂದು ತನ್ನದು. ಅವಳು ಎಡವಿದರೆ ತಾನು ಹಿಡಿಯುವುದು. ಅವಳ ಕುತ್ತಿಗೆಯವರೆಗೂ ಬಿಸಿ ಏರಿತು. ಇದನ್ನೇ ಕೇಳಬೇಕೆಂದು ಎಷ್ಟೋ ಸಂಜೆ ಕಾದಿದ್ದಳು. ಅಷ್ಟರಲ್ಲಿ ಮಾಲೀಕಿ ಕೈಬೀಸಿದಳು. ಸ್ಕೇಟಿನ ಚಕ್ರಗಳು ಉರುಳತೊಡಗಿದವು.

ಮೊದಲ ಹಾಡು ಮುಗಿಯುತ್ತ ಬಂತು. ಅವಳು ಎರಡನೆಯದನ್ನು ಬಿಟ್ಟಳು. ಕೂದಲೆಳೆಯಷ್ಟು ತಡ. ಡ್ರಮ್ಮುಗಳು ಬೇರೆಯಾಗತೊಡಗಿದವು, ಒಬ್ಬ ಹುಡುಗಿ ಲಯ ತಪ್ಪಿ ಕಂಬಿ ಹಿಡಿದುಕೊಂಡಳು, ಮಾಲೀಕಿ ಇತ್ತ ತಿರುಗಿದಳು. ಅವನ ಬೆರಳು ಆಗಲೇ ಅಂಚಿಗೆ ಬಂದಿತ್ತು.

"ಒಂದೇ ಒಂದ್ಸಲ," ಎಂದ. "ಯಾರಿಗೂ ಗೊತ್ತಾಗಲ್ಲ."

ಅವಳು ಆ ಕೈಯನ್ನು ಎಡಗೈಯಿಂದ ಹಿಡಿದು ಮೇಲೆತ್ತಿದಳು. ಹಿಡಿದದ್ದನ್ನು ಬಿಡಲಿಲ್ಲ. ಬಲಗೈಯ ಬೆರಳನ್ನು ತಾನೇ ಅಂಚಿಗೆ ತಂದಳು.

"ಬೇಡ," ಎಂದಳು. "ಎರಡೂ ಟೇಬಲ್ ನಂದೇ."