ಮೂವತ್ತಾರು ಇಟ್ಟಿಗೆ

೧೭೭೧ರ ಜುಲೈ ೯, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ. ವೆಂಡಲ್‌ಬರಿಯ ಮರಣ ವಿಚಾರಣಾಧಿಕಾರಿ ಸೈಲಸ್ ಗ್ಯಾರವೇ ಅವರ ಕಚೇರಿಗೆ ಕೆಜೈಯಾ ಡನೇಜ್ ಎಂಬ ಹೆಂಗಸು ಬಂದು, ಮೇಜಿನ ಮೇಲೆ ಒಂದು ಒದ್ದೆ ಅಂಗಿ ಇಟ್ಟಳು.

"ಹಿಂಡಿ ನೋಡಿ ಸ್ವಾಮಿ."

ಕಾನ್‌ಸ್ಟೇಬಲ್ ಬಾರ್ನಬಿ ಸ್ಟ್ರೌಡ್ ಹಿಂಡಿದ. ನೆಲಕ್ಕೆ ನೀರು ತೊಟ್ಟಿಕ್ಕಿತು.

"ಒಗೆದು ತಂದಿದೀಯೇನಮ್ಮ?"

"ಒಗೆಯೋಕೆ ಅಂತ ಈಗಷ್ಟೇ ಜೈಲಿಂದ ಇಸ್ಕೊಂಡಿದ್ದು. ನನ್ನ ಗಂಡ ಆಮಸ್‌ದು. ದಿನಕ್ಕೊಂದು ತಂಬಿಗೆ ನೀರು ಕೊಡ್ತಾರೆ, ಕುಡಿಯೋಕೇ ಸಾಲ್ದು. ಅಂಗಿ ಹೀಗೆ ನೆನೆಯೋಕೆ ನೀರು ಎಲ್ಲಿಂದ ಬಂತು?"

ಆಮಸ್ ಕುರಿ ಕದ್ದನೆಂಬ ಆರೋಪ ಹೊತ್ತು, ಆಗಸ್ಟಿನಲ್ಲಿ ಬರಲಿರುವ ನ್ಯಾಯಾಧೀಶರಿಗಾಗಿ ಕಾಯುತ್ತಿದ್ದ. ಅವನ ಕೋಣೆಯಲ್ಲಿ ಹತ್ತು ಜನರಿದ್ದರು. ಒಂದೇ ವಾರದಲ್ಲಿ ಇಬ್ಬರು ಸತ್ತಿದ್ದರು. ಅಂದು ಬೆಳಿಗ್ಗೆ ಮೂರನೆಯವನಾದ ಜೋಬ್ ಲಾರ್ಕಮ್ ಸತ್ತಿದ್ದ. ನಾಲ್ಕನೆಯವನು ತನ್ನ ಗಂಡನಾಗಬಾರದೆಂಬುದೇ ಅವಳ ದೂರಿನ ಸಾರ.

ಗ್ಯಾರವೇ ಕಡತ ತೆರೆದರು. ಮೊದಲ ಎರಡು ಸಾವುಗಳಿಗೂ ಜೈಲಿನ ವೈದ್ಯ 'ಜೈಲುಜ್ವರ, ದೈವೇಚ್ಛೆ' ಎಂದು ಬರೆದಿದ್ದ. ಕೆಳಗೆ ಗ್ಯಾರವೇ ಅವರದೇ ಸಹಿಯಿತ್ತು. ಎರಡು ಸಲವೂ ಅವರು ಜೈಲಿನ ಬಾಗಿಲಲ್ಲಿ, ಹತ್ತು ಹೆಜ್ಜೆ ದೂರದಲ್ಲಿ ನಿಂತು, ವಿನೆಗರ್ ಹಚ್ಚಿದ ಬಟ್ಟೆಯನ್ನು ಮೂಗಿಗೆ ಹಿಡಿದು ಶವವನ್ನು ನೋಡಿದ್ದರು. ಪದ್ಧತಿ ಹಾಗೆಯೇ ಇತ್ತು.

"ನನ್ನ ಗಂಡನ್ನ ಹೊರಗೆ ಕರ್ಕೊಂಡ್ಬನ್ನಿ ಸ್ವಾಮಿ."

"ಬದುಕಿರೋರ ಮೇಲೆ ನನಗೆ ಅಧಿಕಾರ ಇಲ್ಲಮ್ಮ. ನಾನು ಸತ್ತವರ ಅಧಿಕಾರಿ."

"ಹಾಗಾದ್ರೆ ನಿಮ್ಮ ದರ್ಶನ ಆಗ್ಬೇಕಂದ್ರೆ ಅವನು ಸಾಯ್ಬೇಕು ಅನ್ನಿ!"

ಗ್ಯಾರವೇ ಟೋಪಿ ಎತ್ತಿಕೊಂಡರು.

ಹತ್ತೂಕಾಲಕ್ಕೆ ಅವರು ಜೈಲು ತಲುಪಿದಾಗ ಜೋಬ್‌ನ ಶವ ಬಾಗಿಲ ಬಳಿ ಹಲಗೆಯ ಮೇಲಿತ್ತು. ಜೈಲರ್ ಎಫ್ರೆಮ್ ಹಾಸ್ಕಿನ್ ಅಡ್ಡ ಬಂದ.

"ದೂರದಿಂದ್ಲೇ ನೋಡಿ ಸಾರ್, ಎಂದಿನ ಹಾಗೆ."

"ಎಂದಿನ ಹಾಗೆ ನೋಡಿದ್ದು ಸಾಕು."

ಶವದ ಪಂಚನಾಮೆ ನಡೆಯಿತು. ಎದೆ, ಹೊಟ್ಟೆ, ತೋಳುಗಳಲ್ಲಿ ಎಲ್ಲಿಯೂ ಜೈಲುಜ್ವರದ ಕೆಂಪು ಚುಕ್ಕೆಗಳಿರಲಿಲ್ಲ. ತುಟಿಗಳೂ ಉಗುರುಗಳೂ ನೀಲಿಯಾಗಿದ್ದವು.

"ಸತ್ತ ಜಾಗ ತೋರಿಸಿ."

"ಅಲ್ಲಿ ಗಾಳಿ ವಿಷ ಸಾರ್."

"ಗಾಳಿ ಇದೆಯಾ ಅಂತ ನೋಡೋಕೇ ಬಂದದ್ದು."

ಕೋಣೆ ಎಂಟು ಹೆಜ್ಜೆ ಉದ್ದ, ಐದು ಹೆಜ್ಜೆ ಅಗಲವಿತ್ತು. ಸ್ಟ್ರೌಡ್ ಒಳಗೊಯ್ದ ಮೇಣದಬತ್ತಿಯ ಜ್ವಾಲೆ ಕುಗ್ಗಿ ಆರಿತು. ಮತ್ತೆ ಹಚ್ಚಿದ, ಮತ್ತೆ ಆರಿತು. ಬೆವರಿನಲ್ಲಿ ತೊಯ್ದ ಏಳು ಜನ ಬಾಗಿಲ ಕೆಳಗಿನ ಸಂದಿಯತ್ತ ಮುಖ ಮಾಡಿ ಮಲಗಿದ್ದರು. ಆ ಸಾಲಿನಲ್ಲಿ ಮೂರನೆಯವನು ಆಮಸ್.

"ಈ ಸಂದಿಗೆ ಸರದಿ ಇದೆ ಸ್ವಾಮಿ," ಎಂದ ಆಮಸ್, ಪದಕ್ಕೊಮ್ಮೆ ಉಸಿರೆಳೆದುಕೊಳ್ಳುತ್ತ. "ನೂರು ಎಣಿಸೋವರೆಗೆ ಒಬ್ಬೊಬ್ಬರ ಮೂಗು. ಪಾಪ, ಜೋಬ್‌ಗೆ ಎಣಿಸೋಕೆ ಬರ್ತಿರ್ಲಿಲ್ಲ. ಅವನ ಸರದೀನ ನಾವೇ ನುಂಗ್ತಿದ್ವಿ."

ಎದುರುಗೋಡೆಯಲ್ಲಿ ಕಿಟಕಿಯ ಅಳತೆಯಷ್ಟು ಭಾಗದ ಗಾರೆ ಇನ್ನೂ ಹಸಿಯಾಗಿತ್ತು. ಸ್ಟ್ರೌಡ್‌ನ ಹೆಬ್ಬೆರಳು ಒಳಗಿಳಿಯಿತು. ಆಚೆಯ ಬದಿ ಜೈಲರನ ಅಡುಗೆಮನೆಯ ಅಂಗಳ. ಅಲ್ಲಿ ಅದೇ ಜಾಗಕ್ಕೆ ಮಸಿ ಬಳಿದು, ಜ್ವರ ತಡೆಯುವುದೆಂದು ಜನ ನಂಬುವ ಕಹಿ ಸೊಪ್ಪಿನ ಕಟ್ಟುಗಳನ್ನು ತೂಗುಹಾಕಲಾಗಿತ್ತು. ಒಂಬತ್ತು ಸಾಲು, ಸಾಲಿಗೆ ನಾಲ್ಕು ಇಟ್ಟಿಗೆ.

"ಒಡೆಯೋಕೆ ಜೈಲು ನೋಡ್ಕೊಳ್ಳೋ ಊರಿನ ನ್ಯಾಯಮಂಡಳಿ ಅಪ್ಪಣೆ ಬೇಕು ಸಾರ್. ಅವರು ಸೇರೋದು ಅಕ್ಟೋಬರ್‌ಗೆ," ಎಂದ ಹಾಸ್ಕಿನ್.

ಗ್ಯಾರವೇ ಒಂದು ಇಟ್ಟಿಗೆಯ ಮೇಲೆ ಬೆರಳಿಟ್ಟರು.

"ರಿಪೇರಿಗೆ ಅಪ್ಪಣೆ ಬೇಕು. ಜಪ್ತಿಗೆ ಬೇಡ. ಸ್ಟ್ರೌಡ್, ಈ ಇಟ್ಟಿಗೆಗಳು ಜೋಬ್ ಲಾರ್ಕಮ್ ಸಾವಿನ ಸಾಕ್ಷ್ಯವಸ್ತುಗಳು. ಒಂದೊಂದಾಗಿ ಬಿಚ್ಚು."

ಮೊದಲ ಇಟ್ಟಿಗೆ ಹೊರಬಂದದ್ದು ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ. ನಾಲ್ಕನೆಯದು ಬಂದಾಗ ಮೇಣದಬತ್ತಿ ಆರದೆ ಉರಿಯಿತು. ಮೂವತ್ತಾರನೆಯದು ಬರುವಷ್ಟರಲ್ಲಿ ಆಮಸ್ ಗೋಡೆಗೆ ಒರಗಿ ಕುಳಿತಿದ್ದ.

ಒಂದೂವರೆಗೆ ಹಾಸ್ಕಿನ್‌ನನ್ನು ಬಂಧಿಸಿ, ಹೇಳಿಕೆ ಪಡೆಯಲಾಯಿತು.

"ಯಾವಾಗ ಕಟ್ಟಿದಿರಿ?"

"ಜುಲೈ ಎರಡಕ್ಕೆ."

"ಯಾಕೆ?"

"ಏಪ್ರಿಲ್‌ನಲ್ಲಿ ನನ್ನ ಮಗ ನೆಡ್ ಜ್ವರದಲ್ಲಿ ಹೋದ. ನಮ್ಮ ಅಡುಗೆಮನೆ ಎದುರಿಗೇ ಆ ಕಿಟಕಿ. ಅವರ ಉಸಿರು ನಮ್ಮನೇಲಿ ತುಂಬ್ತಿತ್ತು. ಈಗ ಉಳಿದಿರೋದು ಮಗಳು ಲೆಟಿಸ್ ಒಬ್ಬಳೇ. ಒಂಬತ್ತು ವರ್ಷ."

"ಅವರಿಗೆ ಉಸಿರು ಕಟ್ಟುತ್ತೆ ಅಂತ ಗೊತ್ತಿರಲಿಲ್ವಾ?"

"ಸಂದಿ ಇದೆಯಲ್ಲ, ಸಾಲುತ್ತೆ ಅಂದ್ಕೊಂಡೆ. ಮೊದಲನೆಯವನು ಸತ್ತಾಗ ಗೊತ್ತಾಯ್ತು."

"ಆದರೂ ಒಡೆಯಲಿಲ್ಲ."

"ಆ ವಾರ ಅವಳು ಒಂದ್ಸಲಾನೂ ಕೆಮ್ಮಲಿಲ್ಲ ಸಾರ್."

ಗ್ಯಾರವೇ ಅವನ ಜಿಡ್ಡುಗಟ್ಟಿದ ಕೋಟನ್ನು ನೋಡಿದರು.

"ಕೋಣೆಯೊಳಗೆ ಹೋಗುವಾಗ ಇದೇ ಕೋಟಾ?"

"ಇರೋದೇ ಇದೊಂದು."

"ಮನೆಯಲ್ಲಿ?"

"ಇದೇ. ಮಲಗುವಾಗ ಲೆಟಿಸ್‌ಗೆ ಹೊದಿಸ್ತೀನಿ."

ಜ್ವರ ಬಟ್ಟೆಯ ಮೂಲಕವೂ ಬರುತ್ತದೆಂಬುದು ಊರಿನ ವಕೀಲರಿಗೆಲ್ಲ ತಿಳಿದಿತ್ತು; ಕೈದಿಗಳ ವಿಚಾರಣೆ ಮುಗಿಸಿ ಬಂದ ದಿನ ಅವರು ನಿಲುವಂಗಿಗಳನ್ನು ಮನೆಯ ಹೊರಗೇ ಕಳಚುತ್ತಿದ್ದರು. ಜೈಲರನಿಗೆ ಅದನ್ನು ಯಾರೂ ಹೇಳಿರಲಿಲ್ಲ. ಗ್ಯಾರವೇ ಕೋಟನ್ನು ಸುಡಿಸಿದರು. ಬಳಿಕ ಹಳೆಯ ಕಡತದಲ್ಲಿ ತಮ್ಮ ಎರಡು ಸಹಿಗಳ ಕೆಳಗೆ ಬರೆದರು: 'ಈ ತೀರ್ಮಾನಗಳು ತಪ್ಪು. ಅಧಿಕಾರಿ ಒಳಗೆ ಹೋಗಿರಲಿಲ್ಲ.'

ಮರುದಿನ ಕೆಜೈಯಾಳಿಗೆ ಸಿಕ್ಕ ಅಂಗಿ ಕೊಳೆಯಾಗಿತ್ತು, ಆದರೆ ಒಣಗಿತ್ತು.

ಊರಿಗೆ ಬೇರೆ ಜೈಲಿರಲಿಲ್ಲ. ಕಿಟಕಿಯಿದ್ದದ್ದು ಆ ಒಂದು ಕೋಣೆಗೆ ಮಾತ್ರ. ಹಾಸ್ಕಿನ್‌ನನ್ನು ಅಲ್ಲಿಯೇ ಇಟ್ಟರು. ಅವನು ದಿನವಿಡೀ ಸರಳು ಹಿಡಿದು ತನ್ನ ಅಡುಗೆಮನೆಯನ್ನು ನೋಡುತ್ತ ನಿಲ್ಲುತ್ತಿದ್ದ. ಜುಲೈ ೧೬ರಂದು ಸ್ಟ್ರೌಡ್ ಅಂಗಳ ದಾಟುವಾಗ ಅವನು ಕೂಗಿದ:

"ಸ್ಟ್ರೌಡ್, ಎರಡು ದಿನದಿಂದ ಲೆಟಿಸ್ ಹೊರಗೆ ಬಂದಿಲ್ಲ. ಯಾಕೆ?"

ಅವಳ ಎದೆಯ ಮೇಲಿನ ಕೆಂಪು ಚುಕ್ಕೆಗಳನ್ನು ಸ್ಟ್ರೌಡ್ ಅಂದು ಬೆಳಿಗ್ಗೆಯೇ ನೋಡಿ ಬಂದಿದ್ದ. "ಕೇಳಿ ಹೇಳ್ತೀನಿ," ಎಂದು ನಡೆದ.