ಕೆಂಪು ಚುಕ್ಕೆ ಸರಿದ ದೂರ

"ಸಾರ್, ಆನೆ ಅಮ್ಮನ ಹತ್ರನೇ ಉಂಟು."

ಯಮುನ ಕಾಫಿ ಕಣಕ್ಕೆ ಓಡಿಬಂದು, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನಂದೀಶರ ಮುಂದೆ ಮೊಬೈಲ್ ಚಾಚಿದಳು. ಐದನೆಯ ತರಗತಿಯ ಹುಡುಗಿ. ಕೆಲಸಗಾರರ ಸಾಲುಮನೆಯಾದ ಲೈನ್ ಮನೆಯಿಂದ ಬರಿಗಾಲಲ್ಲೇ ಬಂದಿದ್ದಳು. ಅವಳ ಅಮ್ಮ ಜವರಿ ಮೊಬೈಲನ್ನು ಮನೆಯಲ್ಲೇ ಬಿಟ್ಟು, ತೋಟದ ಕೆರೆಬದಿಯ ಬ್ಲಾಕಿಗೆ ಕಾಫಿ ಕೊಯ್ಯುವ ಪಿಕಿಂಗಿಗೆ ಹೋಗಿದ್ದಳು.

ಬಾಳೆಲೆ ಊರಿನ ಕಡೆಯ ತೋಟಗಳಿಗೆ ಆನೆಯ ಸುದ್ದಿ ತಿಳಿಸುವ ವಾಟ್ಸ್ಆ್ಯಪ್ ಗುಂಪಿನಲ್ಲಿ ಆಗಷ್ಟೇ ಮೆಸೇಜ್ ಬಂದಿತ್ತು. ಒಂಟಿ ಆನೆ ನಿಂತಿರುವ ಜಾಗ: ಉತ್ತರ 12 ಡಿಗ್ರಿ 6 ನಿಮಿಷ, ಪೂರ್ವ 76 ಡಿಗ್ರಿ. ಯಮುನ ಆ ಅಂಕಿಗಳನ್ನು ಮ್ಯಾಪಿಗೆ ಹಾಕಿದ್ದಳು. ಕೆಂಪು ಚುಕ್ಕೆ ಕೆರೆಯ ಪಕ್ಕದಲ್ಲೇ ಬಿದ್ದಿತ್ತು.

ನಂದೀಶರು ಬ್ಲಾಕಿನ ಮೇಸ್ತ್ರಿಗೆ ಫೋನ್ ಮಾಡಿದರು. ರೇಂಜ್ ಇರಲಿಲ್ಲ. ಬೈಕಿನ ಕೀಲಿ ಕೈಗೆತ್ತಿಕೊಂಡವರು ಮೊಬೈಲನ್ನು ಇನ್ನೊಮ್ಮೆ ನೋಡಿ ನಿಂತರು.

"ಇದೆಂಥ ಮಗಾ, 12.06 ಅಂತ ಹೊಡೆದಿದ್ದೀಯ?"

"ನೀವು ತೂಕದ ಚೀಟಿಲಿ ಕಿಲೋ ಆದ್ಮೇಲೆ ಪಾಯಿಂಟ್ ಹಾಕ್ತೀರಲ್ಲ, ಹಾಗೆ."

"ತೂಕದ ಲೆಕ್ಕ ಬೇರೆ. ಇದು ಗಡಿಯಾರದ ಹಾಗೆ. ಅರವತ್ತು ನಿಮಿಷ ಸೇರಿದ್ರೆ ಒಂದು ಡಿಗ್ರಿ. ಆರು ನಿಮಿಷ ಅಂದ್ರೆ ಎಷ್ಟು ಭಾಗ?"

ಯಮುನ ತುಟಿಯಲ್ಲೇ ಲೆಕ್ಕ ಹಾಕಿದಳು. ಅರವತ್ತರಲ್ಲಿ ಆರು, ಹತ್ತರಲ್ಲಿ ಒಂದು.

"ಪಾಯಿಂಟ್ ಒಂದು. 12.1."

ಅವಳು ಹೊಸ ಅಂಕಿ ಒತ್ತಿದಳು. ಮ್ಯಾಪ್ ಎಲ್ಲಿಯೂ ತಡವರಿಸದೆ ಮೆಲ್ಲನೆ ಜಾರತೊಡಗಿತು. ಕೆರೆ ಕೆಳಕ್ಕೆ ಸರಿಯಿತು. ಅದರ ಹಿಂದೆ ಕಾಫಿ ಕಣ, ಗದ್ದೆ, ಡಾಂಬರು ರಸ್ತೆ ಒಂದೊಂದಾಗಿ ಇಳಿದುಹೋದವು. ಅಮ್ಮನ ಬ್ಲಾಕ್ ಕಾಣದಾಗಿ ಬಹಳ ಹೊತ್ತಾದ ಮೇಲೆ ಚುಕ್ಕೆ ನಿಂತಿತು. ನಾಲ್ಕು ಕಿಲೋಮೀಟರಿಗೂ ಹೆಚ್ಚು ದೂರ.

ಯಮುನ ಅಲ್ಲೇ ಇದ್ದ ಗೋಣಿಚೀಲದ ಮೇಲೆ ಕುಳಿತುಬಿಟ್ಟಳು. ಮತ್ತೆ ನೋಡಿದಾಗ, ಚುಕ್ಕೆಯ ಪಕ್ಕದಲ್ಲಿ ಸಾಲಾಗಿ ನಿಂತ ಶೀಟಿನ ಮಾಡಿನ ಮನೆಗಳು ಕಂಡವು.

"ಸಾರ್, ಅಲ್ಲಿಯೂ ಲೈನ್ ಉಂಟಲ್ಲ?"

ನಂದೀಶರು ಆಗಲೇ ಚುಕ್ಕೆ ಬಿದ್ದಿದ್ದ ಆ ಎಸ್ಟೇಟಿನ ರೈಟರಿಗೆ ಫೋನ್ ಹಚ್ಚಿದ್ದರು. ಯಮುನ ಅವರ ಮುಖವನ್ನೇ ನೋಡುತ್ತಿದ್ದಳು. ಮಾತು ಮುಗಿಸಿ ಅವರು ಅವಳತ್ತ ತಿರುಗಿದರು.

"ಇವತ್ತು ಪಿಕಿಂಗ್ ನಿಲ್ಲಿಸಿದ್ದಾರಂತೆ. ಎಲ್ಲರೂ ಮನೆಯೊಳಗೇ ಇದ್ದಾರೆ, ಮಕ್ಕಳೂ."

ಆಮೇಲೆಯೇ ಯಮುನ ಮ್ಯಾಪಿನ ಮೇಲೆ ಬೆರಳಿಟ್ಟು, ರಸ್ತೆಯನ್ನೂ ಗದ್ದೆಯನ್ನೂ ದಾಟಿಸುತ್ತ, ಅಮ್ಮನಿದ್ದ ಕೆರೆಯನ್ನು ಮೆಲ್ಲನೆ ನಡುವಿಗೆ ಎಳೆದು ತಂದಳು.